ಸೆಲ್ಫ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ, ಸ್ಕ್ಯಾನರ್‌ನಲ್ಲಿ ಪಿ0335: ಸೆನ್ಸರ್ ಬದಲಿಸಬೇಕಾ? (2014ರ ಪೆಟ್ರೋಲ್ ಕಾರು, ದಾವಣಗೆರೆ)

ಈಗಲೇ ಸೆನ್ಸರ್ ಕೊಳ್ಳಬೇಡಿ. ಪಿ0335 ಕೋಡ್ ಬಂದರೆ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಅಂತ ಅಷ್ಟೆ. ತಪ್ಪು ವೈರಿನದ್ದೂ ಇರಬಹುದು, ಕನೆಕ್ಟರಿನದ್ದೂ ಇರಬಹುದು.

ಮೊದಲು ಬ್ಯಾಟರಿ ನೋಡಿ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಸೋತಿದ್ದರೆ ಸಂಬಂಧವೇ ಇಲ್ಲದ ಕೋಡ್‌ಗಳೂ ಬರುತ್ತವೆ. ಹಾಗಾಗಿ ಕೋಡ್ ಬರೆದಿಟ್ಟುಕೊಂಡು, ಅಳಿಸಿ, ಇನ್ನೊಮ್ಮೆ ಸೆಲ್ಫ್ ಹೊಡೆಯಿರಿ. ಮತ್ತೆ ಬಂದ ಕೋಡನ್ನು ಮಾತ್ರ ನಂಬಿ.

ಈಗ ಮುಖ್ಯವಾದ ಪರೀಕ್ಷೆ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಆರ್‌ಪಿಎಂ ತೆರೆದಿಟ್ಟು, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ಸೆಲ್ಫ್ ಹೊಡೆಸಿ. ಸುಮಾರು 200 ಆಸುಪಾಸು ತೋರಿಸಬೇಕು. ಸೊನ್ನೆಯಲ್ಲೇ ನಿಂತರೆ ಸಿಗ್ನಲ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತನಕ ಹೋಗುತ್ತಿಲ್ಲ. ಹೆಚ್ಚಿನ ಕಾರುಗಳಲ್ಲಿ ಆ ಸಿಗ್ನಲ್ ಇಲ್ಲದೆ ಇಸಿಯು ಸ್ಪಾರ್ಕೂ ಕೊಡುವುದಿಲ್ಲ, ಪೆಟ್ರೋಲೂ ಬಿಡುವುದಿಲ್ಲ. ಆಗ ಕನೆಕ್ಟರ್ ಬಿಚ್ಚಿ ಆಯಿಲ್, ಹಸಿರು ತುಕ್ಕು ಇದೆಯಾ ನೋಡಿ. ವೈರನ್ನು ಪೂರ್ತಿ ಕೈಯಾಡಿಸಿ ನೋಡಿ. ನಮ್ಮ ಕಡೆ ಮೆಕ್ಕೆಜೋಳದ ಚೀಲ ಇಟ್ಟ ಶೆಡ್ಡಲ್ಲೇ ಕಾರು ನಿಲ್ಲಿಸುವವರು ಜಾಸ್ತಿ ಅಲ್ವಾ, ಇಲಿ ವೈರ್ ಕಡಿದಿದ್ದರೆ ಆಶ್ಚರ್ಯವಿಲ್ಲ! ವೈರೆಲ್ಲ ಚೆನ್ನಾಗಿದ್ದು, ಎಂಜಿನ್ ಬಿಸಿಯಾದಾಗ ಮಾತ್ರ ಹೀಗಾಗುತ್ತಿದ್ದರೆ ಸೆನ್ಸರ್ ಮೇಲೆ ಅನುಮಾನ ಪಡಬಹುದು.

ಆರ್‌ಪಿಎಂ ಸರಿಯಾಗಿ ಬಂದರೆ ಈ ಕೋಡ್ ಬಿಡಿ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್‌ಗುಟ್ಟುತ್ತದಾ ಕೇಳಿ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿತ್ರದ ಲೈಟ್ ಮಿನುಗುತ್ತಿದ್ದರೆ ಇಮ್ಮೊಬಿಲೈಜರ್ (ಕೀ ಗುರುತು ಸಿಗದಿದ್ದರೆ ಸ್ಟಾರ್ಟ್ ಆಗಲು ಬಿಡದ ಕಳ್ಳತನ-ತಡೆ ವ್ಯವಸ್ಥೆ) ತಡೆಯುತ್ತಿರಬಹುದು, ಎರಡನೇ ಕೀ ಹಾಕಿ ನೋಡಿ.