ಓದುಗರ ಪ್ರಶ್ನೆ: ಮೊಳಕೆ ಕಾಳು ಹುಳಿ ವಾಸನೆ ಬರುವುದೇಕೆ?

ಪ್ರಶ್ನೆ: ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತೇನೆ. ಮರುದಿನ ಮೊಳಕೆಯೇನೋ ಬಂದಿರುತ್ತದೆ, ಆದರೆ ಹುಳಿ ವಾಸನೆ, ಮುಟ್ಟಿದರೆ ಲೋಳೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮುಚ್ಚಳದಲ್ಲಿ ಮತ್ತು ಬಟ್ಟೆಯಲ್ಲಿ ಉಳಿದ ನೀರಿನಲ್ಲಿ. ನೆನೆದ ಕಾಳಿಗೆ ಜೀವ ಬಂದಿರುತ್ತದೆ, ಅದು ಉಸಿರಾಡುತ್ತದೆ. ಉಸಿರಾಡುವಾಗ ಶಾಖವೂ ಹುಟ್ಟುತ್ತದೆ. ಗಂಟಿನ ನಡುವೆ ಬೆರಳು ತೂರಿಸಿ ನೋಡಿ, ಹೊರಗಿಗಿಂತ ಬೆಚ್ಚಗಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಆ ಶಾಖ, ತೇವ, ಜೊತೆಗೆ ಕಾಳಿನಿಂದ ನೀರಿಗಿಳಿದ ಸಕ್ಕರೆ ಅಂಶ ಎಲ್ಲ ಸೇರಿದರೆ ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಹುಳಿಯೂ ಲೋಳೆಯೂ ಅವುಗಳದೇ ಕೆಲಸ.

ಹೀಗೆ ಮಾಡಿ. 100 ಗ್ರಾಂ ಕಾಳು ತೆಗೆದುಕೊಂಡು ಒಡೆದದ್ದು, ಹುಳು ಹಿಡಿದದ್ದು ಆರಿಸಿ ತೆಗೆಯಿರಿ. ಒಡೆದ ಕಾಳು ಮೊಳೆಯುವುದಿಲ್ಲ, ಸುಮ್ಮನೆ ಕೊಳೆತು ಪಕ್ಕದ ಕಾಳನ್ನೂ ಕೆಡಿಸುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು, ಸುಮಾರು 400 ಮಿ.ಲೀ. ನೀರಿನಲ್ಲಿ 8 ಗಂಟೆ ನೆನೆಸಿ. ಸೆಕೆಯಿದ್ದರೆ 6 ಗಂಟೆ ಸಾಕು. ಹೆಚ್ಚು ನೆನೆದರೆ ಒಳ್ಳೆಯದೆಂದು 14–15 ಗಂಟೆ ಬಿಡುವವರಿದ್ದಾರೆ. ಅಷ್ಟು ಹೊತ್ತು ನೀರಿನಡಿ ಇದ್ದ ಕಾಳು ಉಸಿರುಗಟ್ಟುತ್ತದೆ. ನೀರಿನ ಮೇಲೆ ನೊರೆ ಕಂಡರೆ ಆಗಲೇ ಹುಳಿಯಲು ತೊಡಗಿದೆ ಎಂದರ್ಥ.

ಮುಂದಿನ ಕೆಲಸವೇ ಮುಖ್ಯ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಎರಡು ಸಲ ಜಾಲಿಸಿ, ತೂತಿನ ಪಾತ್ರೆಗೆ ಸುರಿದು 15 ನಿಮಿಷ ವಾರೆಯಾಗಿ ಇಡಿ. ಕಾಳಿನ ಮೈ ತೇವವಿರಬೇಕು, ಅಡಿಯಲ್ಲಿ ಒಂದು ಹನಿಯೂ ನಿಂತಿರಬಾರದು. ತೆಳು ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ ಮೇಲೆ ಹೊದಿಸಿ. ಗಂಟು ಕಟ್ಟುವುದೇ ಆದರೆ ಸಡಿಲವಾಗಿರಲಿ, ಕಾಳು ಮುಂದೆ ಇನ್ನೂ ಉಬ್ಬುತ್ತದೆ. ಪದರ ಮೂರು ಸೆಂ.ಮೀ. ದಾಟದಿದ್ದರೆ ನಡುವಿನ ಕಾಳಿಗೂ ಗಾಳಿ ಸಿಗುತ್ತದೆ. 8 ಗಂಟೆಗೊಮ್ಮೆ ತಣ್ಣೀರಿನಲ್ಲಿ ತೊಳೆದು ಮತ್ತೆ ಪೂರ್ತಿ ಬಸಿಯಿರಿ. ಹೀಗೆ ತೊಳೆದಾಗ ತೇವ ಬರುತ್ತದೆ, ಒಳಗಿನ ಶಾಖ ಇಳಿಯುತ್ತದೆ, ಬ್ಯಾಕ್ಟೀರಿಯಾಗಳ ಆಹಾರವೂ ಕೊಚ್ಚಿಹೋಗುತ್ತದೆ. 24 ಗಂಟೆಯ ಹೊತ್ತಿಗೆ ಸುಮಾರು ಒಂದು ಸೆಂ.ಮೀ. ಮೊಳಕೆ ಬಂದಿರುತ್ತದೆ.

ಈಗಾಗಲೇ ಲೋಳೆಯಾದದ್ದನ್ನು ತೊಳೆದು ಬಳಸಬೇಡಿ, ಎಸೆದುಬಿಡಿ.

ಪ್ರಶ್ನೆ: ಹೆಸರು, ಹುರುಳಿ, ಕಡಲೆ ಮೂರನ್ನೂ ಒಟ್ಟಿಗೆ ನೆನೆಸಬಹುದೇ?

ಉತ್ತರ: ಬೇಡ. ಹುರುಳಿಯ ಸಿಪ್ಪೆ ಗಟ್ಟಿ, ನೆನೆಯಲು 12 ಗಂಟೆ ಬೇಕು. ಮೊಳಕೆಗೆ ಮತ್ತೆ ಒಂದೂವರೆಯಿಂದ ಎರಡು ದಿನ. ಕಂದು ಕಡಲೆಗೂ ಹೆಚ್ಚುಕಡಿಮೆ ಅಷ್ಟೇ. ಅಲಸಂದೆ ಹೆಸರುಕಾಳಿನ ದಾರಿಯಲ್ಲೇ ಹೋಗುತ್ತದೆ, ತುಸು ನಿಧಾನ. ಮಡಕೆ ಕಾಳು ಎಲ್ಲಕ್ಕಿಂತ ಚುರುಕು. ಒಟ್ಟಿಗೆ ಹಾಕಿದರೆ ಕಡಲೆ ಬಾಯಿ ಬಿಡುವಷ್ಟರಲ್ಲಿ ಹೆಸರುಕಾಳಿಗೆ ಉದ್ದನೆಯ ಬಾಲ ಬಂದಿರುತ್ತದೆ. ಬೇರೆ ಬೇರೆಯಾಗಿ ಮೊಳಕೆ ಬರಿಸಿ, ಕೊನೆಗೆ ಬೆರೆಸಿಕೊಳ್ಳಿ.

ಪ್ರಶ್ನೆ: ನೆನೆದ ಮೇಲೂ ಕೆಲವು ಕಾಳು ಕಲ್ಲಿನಂತೆ ಉಳಿಯುತ್ತವೆ. ಇನ್ನು ಕೆಲವು ಸಲ ಎಲ್ಲವೂ ಚೆನ್ನಾಗಿ ಉಬ್ಬುತ್ತವೆ, ಆದರೆ ಮೊಳಕೆಯೇ ಇಲ್ಲ.

ಉತ್ತರ: ಇವು ಎರಡು ಬೇರೆ ತೊಂದರೆಗಳು. ಕಲ್ಲಿನಂತೆ ಉಳಿದದ್ದು ಸತ್ತ ಕಾಳಲ್ಲ, ಅದರ ಸಿಪ್ಪೆ ನೀರನ್ನು ಒಳಗೆ ಬಿಟ್ಟಿಲ್ಲ, ಅಷ್ಟೇ. ಹಲ್ಲಿಗೆ ಸಿಕ್ಕರೆ ಅಪಾಯ, ಹಾಗಾಗಿ ಬಸಿಯುವಾಗಲೇ ಆರಿಸಿ ತೆಗೆಯಿರಿ. ಉಬ್ಬಿಯೂ ಮೊಳೆಯದ ಕಾಳಿನಲ್ಲಿ ಜೀವವಿಲ್ಲ: ತುಂಬ ಹಳೆಯದಾಗಿರಬಹುದು, ಸೆಕೆಯಲ್ಲೋ ತೇವದಲ್ಲೋ ಬಿದ್ದಿದ್ದಿರಬಹುದು. ಬೇಗ ನೆನೆಯಲೆಂದು ಕುದಿನೀರು ಸುರಿದಿದ್ದರೆ ಅದೇ ಕಾರಣ. ಉಗುರುಬೆಚ್ಚಗಿನ ನೀರಾದರೆ ಅಡ್ಡಿಯಿಲ್ಲ. ಹೊಸ ಚೀಲ ತಂದಾಗ 20 ಕಾಳು ನೆನೆಸಿ ಪರೀಕ್ಷಿಸಿ. 18ಕ್ಕಿಂತ ಕಡಿಮೆ ಮೊಳೆತರೆ ಆ ಚೀಲ ಬೇಯಿಸುವುದಕ್ಕೆ ಇರಲಿ, ಏಕೆಂದರೆ ಮೊಳೆಯದ ಕಾಳೇ ಮೊದಲು ಕೊಳೆಯುವುದು. ಚೆನ್ನಾಗಿ ಮೊಳೆಯುತ್ತದೆಂದು ಬಿತ್ತನೆ ಬೀಜ ತಂದು ತಿನ್ನುವುದಂತೂ ಕೂಡದು. ಅದಕ್ಕೆ ಕೀಟನಾಶಕ, ಶಿಲೀಂಧ್ರನಾಶಕ ಲೇಪಿಸಿರುವ ಸಾಧ್ಯತೆಯಿದೆ.

ಪ್ರಶ್ನೆ: ಮೊಳಕೆಯ ಮೇಲೆ ಬಿಳಿ ನವಿರು ಕಾಣುತ್ತದೆ. ಬೂಸ್ಟೇ?

ಉತ್ತರ: ಬೇರಿನ ಉದ್ದಕ್ಕೂ ಒಂದೇ ಸಮನಾಗಿದ್ದು, ನೀರು ಹಾಕಿದೊಡನೆ ಬೇರಿಗೆ ಅಂಟಿಕೊಂಡು ಮಾಯವಾದರೆ ಅದು ಬೇರಿನ ರೋಮ, ಹೆದರಬೇಡಿ. ಕಾಳಿಂದ ಕಾಳಿಗೆ ಜೇಡರಬಲೆಯಂತೆ ಹಬ್ಬಿದ್ದರೆ, ಬೂದು, ಕಪ್ಪು, ಹಸಿರು ಬಣ್ಣವಿದ್ದರೆ, ಮುಗ್ಗಲು ವಾಸನೆ ಬಂದರೆ ಬೂಸ್ಟು. ಆಗ ಇಡೀ ಪಾತ್ರೆಯದ್ದನ್ನು ಎಸೆದು, ಬಟ್ಟೆಯನ್ನು ನೀರಿನಲ್ಲಿ ಕುದಿಸಿ ಬಿಸಿಲಿಗೆ ಒಣಗಿಸಿ.

ಪ್ರಶ್ನೆ: ಹಸಿಯಾಗಿ ತಿಂದರೇ ಪೂರ್ತಿ ಸತ್ವ ಎನ್ನುತ್ತಾರೆ. ನಿಜವೇ?

ಉತ್ತರ: ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ವಿಟಮಿನ್ ಸಿ ಮೊಳೆಯುವಾಗ ಹುಟ್ಟುತ್ತದೆ, ಬೇಯಿಸಿದಾಗ ಅದರಲ್ಲಿ ಒಂದಷ್ಟು ಹೋಗುತ್ತದೆ. ಅಷ್ಟರ ಮಟ್ಟಿಗೆ ನಿಜ. ಆದರೆ ಮೊಳಕೆಗೆ ಬೇಕಾದ ತೇವ, ಶಾಖ ಎರಡೂ ಸಾಲ್ಮೊನೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾಗಳಿಗೂ ಒಗ್ಗುತ್ತವೆ. ಅವು ಸಿಪ್ಪೆಯ ಬಿರುಕಿನಲ್ಲಿ ಅಡಗಿದ್ದರೆ ತೊಳೆದು ತೆಗೆಯಲಾಗದು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಹಸಿ ಮೊಳಕೆ ತಿನ್ನಲೇಬಾರದು. ಉಳಿದವರಿಗೂ ನಮ್ಮ ಸಲಹೆ ಬೇಯಿಸಿ ತಿನ್ನಿ ಎಂದೇ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಸಾಲದು, ಒಳಗೂ ಹಬೆಯಾಡುವಷ್ಟು ಬೇಯಬೇಕು. ವಿಟಮಿನ್ ಸಿ ಹಣ್ಣಿನಿಂದಲೂ ಸಿಗುತ್ತದೆ.

ರಾಜ್ಮಾ ಮಾತು ಬೇರೆಯೇ. ಅದರಲ್ಲಿರುವ ಲೆಕ್ಟಿನ್ ಎಂಬ ಅಂಶ ವಾಂತಿ, ಭೇದಿ ತರುತ್ತದೆ, ಮೊಳಕೆ ಬಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ.

ಪ್ರಶ್ನೆ: ಎಷ್ಟು ದಿನ ಇಡಬಹುದು?

ಉತ್ತರ: ಕೊನೆಯ ಸಲ ತೊಳೆದ ಮೇಲೆ ಒಣಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ, ಮೈಮೇಲಿನ ನೀರು ಆರಿದ ನಂತರ ಫ್ರಿಜ್‌ನಲ್ಲಿಡಿ. ಡಬ್ಬಿಯ ತಳಕ್ಕೆ ಒಣಬಟ್ಟೆಯ ತುಂಡಿರಲಿ, ಮುಚ್ಚಳ ಬಿಗಿಯಾಗಿರದಿರಲಿ. ಮೂರು ದಿನದೊಳಗೆ ಬೇಯಿಸಿಬಿಡಿ. ಅಲ್ಲೂ ಮೊಳಕೆ ನಿಧಾನವಾಗಿ ಬೆಳೆಯುತ್ತಿರುತ್ತದೆ, ಹಾಗಾಗಿ ನಿಮಗೆ ಬೇಕಾದ ಉದ್ದಕ್ಕಿಂತ ತುಸು ಗಿಡ್ಡ ಇರುವಾಗಲೇ ಒಳಗಿಡಿ.