ಚಕ್ರ ಉರುಳದ ಹೊತ್ತಿಗೆ ಕೂಲಿ ಎಷ್ಟು?

ಓದುಗರ ಪತ್ರ: ನಮ್ಮ ಅಣ್ಣನ ಮಗ ಅಮೆರಿಕದ ಇಂಡಿಯಾನಾದಲ್ಲಿದ್ದಾನೆ. ಗ್ರೀನ್ ಕಾರ್ಡ್ ಇದೆ. ಮೊನ್ನೆ ಟ್ರಕ್ ಲೈಸೆನ್ಸ್ ಆಯಿತು. ಎರಡು ಕಡೆ ಕೆಲಸ ಸಿಗುವಂತಿದೆ. ಫ್ಲಾಟ್‌ಬೆಡ್ (ಗೋಡೆ, ಮುಚ್ಚಿಗೆ ಇಲ್ಲದ ಚಪ್ಪಟೆ ಟ್ರೇಲರ್) ಕಂಪನಿ ಮೈಲಿಗೆ 62 ಸೆಂಟ್ ಅಂದಿದೆ, ಮುಚ್ಚಿದ ವ್ಯಾನ್ ಓಡಿಸುವವರು 55 ಅಂದಿದ್ದಾರೆ. ನಾನೂ ಲಾರಿ ಓಡಿಸಿದವನೇ. ಕಣ್ಣು ಮುಚ್ಚಿಕೊಂಡು ಜಾಸ್ತಿ ಕೊಡುವ ಕಡೆ ಸೇರು ಅಂದೆ. ಅವರಮ್ಮನಿಗೆ ಭಯ. ಆ 7 ಸೆಂಟ್ ಯಾತಕ್ಕೆ? ಮೂರನೇ ಕಂಪನಿಯೊಂದು ಲಾರಿಯನ್ನೇ ಲೀಸಿಗೆ ಕೊಡುತ್ತದಂತೆ. ಅದು ಹೇಗೆ?
– ಓದುಗರೊಬ್ಬರು, ಹೊಸಪೇಟೆ

ಸಂಪಾದಕರ ಉತ್ತರ:

ಹೊಸಪೇಟೆಯವರು ನೀವು. ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್, ಅಂದರೆ ಸುರುಳಿ ಸುತ್ತಿದ ಉಕ್ಕಿನ ಹಾಳೆ, ಹೊತ್ತು ಬರುವ ಟ್ರೇಲರ್‌ಗಳ ಹಿಂದೆ ಎಷ್ಟು ಸಲ ಸಿಕ್ಕಿಹಾಕಿಕೊಂಡಿರುತ್ತೀರೋ! ಹುಡುಗ ಇರುವ ಇಂಡಿಯಾನಾದಲ್ಲೂ ಅದೇ ಸರಕು. ಮಿಶಿಗನ್ ಸರೋವರದ ದಡದ ಗ್ಯಾರಿ ಊರಿನಲ್ಲಿ 1908ರಿಂದ ಉಕ್ಕಿನ ಕಾರ್ಖಾನೆ ನಡೆಯುತ್ತಿದೆ. ಅಲ್ಲಿ ಫ್ಲಾಟ್‌ಬೆಡ್ ಸೇರಿದವನಿಗೆ ಕಾಯಿಲ್ ತಪ್ಪಿದ್ದಲ್ಲ.

ಇಪ್ಪತ್ತು ಟನ್ ತೂಗುವ ಒಂದೇ ಕಾಯಿಲನ್ನು ಕ್ರೇನ್ ತಂದು ಟ್ರೇಲರ್ ಮೇಲೆ ಇಡುತ್ತದೆ. ಅಲ್ಲಿಂದ ಮುಂದೆ ಎಲ್ಲಾ ಚಾಲಕನದ್ದೇ. ನಮ್ಮಲ್ಲಿಯ ಹಾಗೆ ಜೊತೆಗೆ ಕ್ಲೀನರ್ ಇರುವುದಿಲ್ಲ. ಚೈನ್ ಎಳೆದು, ಅದನ್ನು ಬಿಗಿಸುವ ಬೈಂಡರ್ ಹಾಕಿ ಬಿಗಿಯಬೇಕು. ಕಟ್ಟಿದ ಚೈನು, ಪಟ್ಟಿಗಳ ಒಟ್ಟು ತಾಳುವ ಶಕ್ತಿ ಸರಕಿನ ತೂಕದ ಅರ್ಧಕ್ಕಿಂತ ಕಮ್ಮಿ ಇರಬಾರದು ಅಂತ ಕಾನೂನು. ಕಾಯಿಲ್ ಇಡುವ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಅದರ ತೂತು ಪಕ್ಕಕ್ಕೆ ತಿರುಗಿದ್ದರೆ, ಜೋರಾಗಿ ಬ್ರೇಕ್ ಹೊಡೆದು ಚೈನ್ ಹರಿದಾಗ ಅದು ಉರುಳುವುದು ಮುಂದಕ್ಕೆ, ಅಂದರೆ ಚಾಲಕನ ಬೆನ್ನಿಗೆ. ಅಲ್ಲಿನ ಚಾಲಕರು ಆ ಜೋಡಣೆಗೆ ಇಟ್ಟಿರುವ ಹೆಸರೇ ಸೂಯಿಸೈಡ್. ನಿಮ್ಮ ಅತ್ತಿಗೆಗೆ ಇದನ್ನು ಓದಿ ಹೇಳಬೇಡಿ.

ಆಮೇಲೆ ಟಾರ್ಪಾಲು. ಒಂದೊಂದು ನಲವತ್ತೈದು ಕಿಲೋ ತೂಗುವುದೂ ಉಂಟು. ಅದನ್ನು ಸರಕಿನ ಮೇಲೆ ಏರಿಸಿ, ಬಿಡಿಸಿ, ಸುತ್ತ ರಬ್ಬರ್ ಹಗ್ಗ ಸಿಕ್ಕಿಸಿ ಎಳೆಯಬೇಕು. ಬೇಸಿಗೆಯಲ್ಲಿ ಬೆವರು ಹರಿದೀತು, ಅಷ್ಟೇ. ಡಿಸೆಂಬರ್‌ನಲ್ಲಿ ಸರೋವರದ ಕಡೆಯಿಂದ ಹಿಮಗಾಳಿ ಬೀಸುವಾಗ ಅದೇ ಟಾರ್ಪಾಲು ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಮರದ ಲೋಡ್ ಆದರೆ ಹದಿಮೂರು ಅಡಿ ಎತ್ತರದಲ್ಲಿ ನಿಂತು ಈ ಕೆಲಸ. ಈ ಕಸುಬಿನಲ್ಲಿ ಭುಜ, ಮಂಡಿ ಕೆಡುವುದೂ, ಕಾಲು ಜಾರಿ ಬೀಳುವುದೂ ಇಲ್ಲೇ. ಹೊರಟ ಮೇಲೂ ಬಿಡುವಿಲ್ಲ. ಮೊದಲ 50 ಮೈಲಿಯೊಳಗೆ ಒಮ್ಮೆ ಇಳಿದು ಕಟ್ಟು ನೋಡಬೇಕು. ಆಮೇಲೆ 150 ಮೈಲಿಗೋ 3 ಗಂಟೆಗೋ, ಯಾವುದು ಮೊದಲೋ ಅದಕ್ಕೆ ಮತ್ತೆ ನೋಡಬೇಕು. ಸೀಲ್ ಹಾಕಿದ ವ್ಯಾನ್‌ನವನಿಗೆ ಈ ತಪಾಸಣೆ ಇಲ್ಲ.

ನೀವು ಕೇಳಿದ 7 ಸೆಂಟ್ ಇದಕ್ಕೆ. ಆದರೆ ಅದು ಕೈಗೆ ಬರುತ್ತದಾ?

ಮೈಲಿ ಲೆಕ್ಕದ ಸಂಬಳ ಅಂದರೆ ಚಕ್ರ ಉರುಳಿದರೆ ಮಾತ್ರ ಕಾಸು. ಕಾಯಿಲ್ ಕಟ್ಟುತ್ತಾ ಎರಡು ಗಂಟೆ ಹೋಯಿತು ಅನ್ನಿ, ಅಷ್ಟು ಮೈಲಿ ಖೋತಾ. ಸುಮ್ನೆ ಒಂದು ಲೆಕ್ಕ ಹಾಕೋಣ. ಫ್ಲಾಟ್‌ಬೆಡ್‌ನಲ್ಲಿ ವಾರಕ್ಕೆ 2,000 ಮೈಲಿ ಓಡಿಸಿದರೆ 1,240 ಡಾಲರ್. ವ್ಯಾನ್‌ನಲ್ಲಿ 2,400 ಓಡಿಸಿದರೆ 1,320. ಕಮ್ಮಿ ರೇಟಿನವನೇ ಜಾಸ್ತಿ ತಂದ, ಅಲ್ವಾ? ಫ್ಲಾಟ್‌ಬೆಡ್ ಕಂಪನಿ ಟಾರ್ಪಾಲಿಗೆ ಬೇರೆ ದುಡ್ಡು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಎಷ್ಟೋ ಕಂಪನಿಗಳು ಕೊಡುತ್ತವೆ. ಕಂಪನಿ ಹುಡುಗನಿಗೆ ಕೊಟ್ಟ ಕೆಲಸದ ಪತ್ರದಲ್ಲಿ ಅದು ಬರೆದಿದೆಯಾ, ಮೊದಲು ನೋಡಲಿ.

ಹಾಗಂತ ವ್ಯಾನ್ ಅಂದರೆ ಆರಾಮ ಅಂದುಕೊಳ್ಳಬೇಡಿ. ಅಲ್ಲಿನ ಕಾಟವೇ ಬೇರೆ, ಕಾಯುವುದು. ತುಂಬಿದ ಡಬ್ಬಿ ಬಿಟ್ಟು ಇನ್ನೊಂದು ಸಿಕ್ಕಿಸಿಕೊಂಡು ಹೊರಡುವ ಕೆಲಸವಾದರೆ ಬಹಳ ಒಳ್ಳೆಯದು. ಆದರೆ ದಿನಸಿ ಗೋದಾಮಿನ ಡಾಕ್‌ನಲ್ಲಿ, ಅಂದರೆ ಸರಕು ಇಳಿಸುವ ಕಟ್ಟೆಯಲ್ಲಿ, ನಾಲ್ಕೈದು ಗಂಟೆ ಸುಮ್ಮನೆ ಕೂರುವುದು ಮಾಮೂಲು. ಕಾದದ್ದಕ್ಕೆ ದುಡ್ಡು ಕೊಡುವ ಕಡೆಯೂ ಸಾಮಾನ್ಯವಾಗಿ ಮೊದಲ ಎರಡು ಗಂಟೆ ಪುಕ್ಕಟೆ. ಇನ್ನೊಂದು ತೊಡಕಿದೆ. ಡ್ಯೂಟಿ ಶುರುವಾದ ಮೇಲೆ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಆ 14ರ ಗಡಿಯಾರ ಡಾಕ್‌ನಲ್ಲೂ ಓಡುತ್ತಲೇ ಇರುತ್ತದೆ. 2017ರ ಡಿಸೆಂಬರ್‌ನಿಂದ ಓಡಿಸಿದ ಗಂಟೆಗಳನ್ನು ಬರೆದಿಡುವ ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯವಾಗಿದೆ, ಪೆನ್ಸಿಲ್‌ನಲ್ಲಿ ತಿದ್ದುವ ಕಾಲ ಹೋಯಿತು. ಓವರ್‌ಟೈಮ್ ಕೇಳೋಣ ಅಂದರೆ, 1938ರ ಕೂಲಿ ಕಾನೂನಿನಲ್ಲೇ ಅಂತರರಾಜ್ಯ ಟ್ರಕ್ ಚಾಲಕರನ್ನು ಅದರಿಂದ ಹೊರಗಿಟ್ಟಿದ್ದಾರೆ.

ಅಪಾಯ ವ್ಯಾನ್‌ಗೂ ಇದೆ. ವಯೋಮಿಂಗ್‌ನಲ್ಲಿ ಲಾರಮಿಯಿಂದ ರಾಲಿನ್ಸ್‌ಗೆ ಹೋಗುವ 80ನೇ ಹೆದ್ದಾರಿಯಲ್ಲಿ ಗಾಳಿಗೆ ಖಾಲಿ ವ್ಯಾನ್‌ಗಳು ಮಗುಚಿಬೀಳುತ್ತವೆ. ಗಾಳಿ ಜೋರಾದಾಗ ಹಗುರ ಡಬ್ಬಿಗಳಿಗೆ ರಸ್ತೆಯನ್ನೇ ಮುಚ್ಚುತ್ತಾರೆ. ಖಾಲಿ ಫ್ಲಾಟ್‌ಬೆಡ್‌ಗೆ ಆ ಗಾಳಿ ಅಷ್ಟು ತಾಗುವುದಿಲ್ಲ.

ಸೀಸನ್ ಕೂಡ ಬೇರೆ ಬೇರೆ. ಮರ, ಕಟ್ಟಡದ ಉಕ್ಕು ಎಲ್ಲಾ ಕಟ್ಟಡ ಕಟ್ಟುವವರನ್ನು ನಂಬಿರುವ ಸರಕು. ಚಳಿಗಾಲದಲ್ಲಿ ಲೋಡ್ ತಗ್ಗುತ್ತದೆ. ವ್ಯಾನ್‌ಗೆ ಕ್ರಿಸ್‌ಮಸ್ ಮುಂಚಿನ ತಿಂಗಳುಗಳೇ ಸುಗ್ಗಿ. ಒಟ್ಟಾರೆ ದುಡಿಮೆಯ ಅಂದಾಜು ಬೇಕಾದರೆ, ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ದೊಡ್ಡ ಟ್ರಕ್ ಚಾಲಕರ ನಡುಮಟ್ಟದ ಸಂಬಳ 2024ರಲ್ಲಿ ವರ್ಷಕ್ಕೆ 57,440 ಡಾಲರ್. ಹೊಸಬನಿಗೆ ಯಾರಾದರೂ ಒಂದು ಲಕ್ಷ ಡಾಲರ್ ಅಂದರೆ ಅದು ಜಾಹೀರಾತು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ನಾನಾದರೆ ಹುಡುಗನಿಗೆ ಮೊದಲ ವರ್ಷ ವ್ಯಾನ್ ಅನ್ನುತ್ತೇನೆ. ಭಯಕ್ಕಲ್ಲ. ಡಾಕ್‌ಗೆ ರಿವರ್ಸ್ ಹಾಕುವುದು ಅವನ ಕೈಗೆ ಕೂರುತ್ತದೆ, ಹಿಮದ ರಸ್ತೆ ಅಭ್ಯಾಸವಾಗುತ್ತದೆ. ಅದೇ ಹೊತ್ತಿನಲ್ಲಿ ಚೈನ್ ಕಟ್ಟುವುದನ್ನೂ ಕಲಿಯುವುದು ಕಷ್ಟ. ಆದರೆ ಫ್ಲಾಟ್‌ಬೆಡ್‌ನವರು ಹಳೆಯ ಚಾಲಕನ ಜೊತೆ ಕೂರಿಸಿ, ಕಲಿಕೆಯ ವಾರಗಳಿಗೂ ಸಂಬಳ ಕೊಟ್ಟು, ಟಾರ್ಪಾಲಿನ ದರವನ್ನು ಬರವಣಿಗೆಯಲ್ಲಿ ಕೊಟ್ಟರೆ ಧೈರ್ಯವಾಗಿ ಹೋಗಲಿ. ಮೈ ಗಟ್ಟಿಯಿರುವಾಗ ಮಾಡುವ ಕೆಲಸ ಅದು. ಎರಡೂ ಕಂಪನಿಯವರಿಗೆ ಅವನು ಕೇಳಬೇಕಾದ್ದು ಮೈಲಿ ರೇಟಲ್ಲ. ಹೋದ ತಿಂಗಳು ಅವರ ಹೊಸ ಚಾಲಕರು ವಾರಕ್ಕೆ ಎಷ್ಟು ಮೈಲಿ ಓಡಿಸಿದರು? ನಿಂತ ಗಂಟೆಗೆ ಏನು ಕೊಟ್ಟರು? ಇಂಡಿಯಾನಾಪೊಲಿಸ್ ಸುತ್ತ ಲಾರಿ ಲೈನಿನಲ್ಲಿ ಪಂಜಾಬಿಗಳು ಬಹಳ ಮಂದಿ ಇದ್ದಾರೆ. ಕಂಪನಿಯ ಆಫೀಸಿನವರಿಗಿಂತ ಅವರ ಬಾಯಲ್ಲಿ ನಿಜ ಬೇಗ ಸಿಗುತ್ತದೆ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ಮಾತಾಡಲು, ರಸ್ತೆ ಫಲಕ ಓದಲು ಬಾರದ ಚಾಲಕನನ್ನು ತಪಾಸಣೆಯಲ್ಲಿ ಅಲ್ಲೇ ಇಳಿಸುವ ಕ್ರಮ 2025ರ ಜೂನ್‌ನಿಂದ ಮತ್ತೆ ಬಂದಿದೆ. ಓದಿ ಅರ್ಥವಾದರೆ ಸಾಲದು, ಪೊಲೀಸರ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವುದನ್ನೂ ಅವನು ರೂಢಿ ಮಾಡಿಕೊಳ್ಳಲಿ.

ಇನ್ನು ಲೀಸಿನ ಲಾರಿ, ಅಂದರೆ ಕಂಪನಿಯ ಲಾರಿಯನ್ನೇ ವಾರದ ಕಂತು ಕಟ್ಟಿ ಓಡಿಸಿ, ಕೊನೆಗೆ ಕೊಂಡುಕೊಳ್ಳುವ ಏರ್ಪಾಡು. ಬೇಡವೇ ಬೇಡ. ಕಂಪನಿಯ ಲಾರಿ ನಿಂತರೆ ಅವನಿಗೆ ಆ ದಿನದ ದುಡಿಮೆ ಹೋಗುತ್ತದೆ. ಲೀಸಿನ ಲಾರಿ ನಿಂತರೆ ದುಡಿಮೆಯೂ ಇಲ್ಲ, ವಾರದ ಕಂತು ಮಾತ್ರ ತಪ್ಪುವುದಿಲ್ಲ. ಲೋಡ್ ಕೊಡುವುದೂ ಅದೇ ಕಂಪನಿ, ಕಂತು ಹಿಡಿಯುವುದೂ ಅದೇ ಕಂಪನಿ. ಅಮೆರಿಕ ಸರ್ಕಾರವೇ ನೇಮಿಸಿದ ಸಮಿತಿಯೊಂದು 2025ರ ಜನವರಿಯಲ್ಲಿ ಇಂಥ ಲೀಸ್-ಖರೀದಿ ಯೋಜನೆಗಳನ್ನು ನಿಷೇಧಿಸಿ ಎಂದು ಶಿಫಾರಸು ಮಾಡಿದೆ. ಸ್ವಂತ ಲಾರಿಯ ಆಸೆ ಇದ್ದರೆ ಎರಡು ಮೂರು ವರ್ಷ ದುಡಿಯಲಿ, ಬ್ಯಾಂಕಿನ ಹತ್ತಿರ ಹೋಗಲಿ. ಆ ಮೂರನೇ ಕಂಪನಿಯವರು ಫೋನ್ ಮಾಡಿದರೆ ಆಗಲ್ಲ ಅಂದುಬಿಡಲಿ.