ಮುಂದಿನ ಪ್ಲೇಸ್ಟೇಷನ್ ಲಕ್ಷ ದಾಟುತ್ತದೆಯೇ?

ಪ್ರಶ್ನೆ: ಮುಂದ ಬರೋ ಪ್ಲೇಸ್ಟೇಷನ್ ಲಕ್ಷ ರೂಪಾಯಿ ದಾಟ್ತದ ಅಂತ ಗೆಳೆಯರು ಹೇಳಾಕತ್ತಾರ. ಖರೇ ಏನ್ರಿ? ಈಗಿನ ಪಿಎಸ್5 ತಗೊಳ್ಳಲೋ, ಕಾಯಲೋ? ರೊಕ್ಕ ಕೂಡಿಸಲಿಕ್ಕೆ ಒಂದು ಅಂದಾಜು ಬೇಕ್ರಿ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ಸೋನಿ ಇನ್ನೂ ಬೆಲೆ ಹೇಳಿಲ್ಲ. 2025ರ ಅಕ್ಟೋಬರಿನಲ್ಲಿ ಚಿಪ್ ಕಂಪನಿ ಎಎಂಡಿ ಜತೆ ಸೇರಿ ಮುಂದಿನ ಕನ್ಸೋಲಿನ (ಆಟದ ಯಂತ್ರದ) ಗ್ರಾಫಿಕ್ಸ್ ತಂತ್ರಜ್ಞಾನದ ಬಗ್ಗೆ ಮಾತಾಡಿದೆ, ಅಷ್ಟೇ. ಹಾಗಾಗಿ ಓಡಾಡುತ್ತಿರುವ ಅಂಕಿಗಳೆಲ್ಲ ಊಹೆ. ಆದರೆ ಊಹೆಗೂ ಒಂದು ಲೆಕ್ಕ ಬೇಕು, ಆ ಲೆಕ್ಕವನ್ನು ನೀವೇ ಹಾಕಬಹುದು.

ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಅಮೆರಿಕದಲ್ಲಿ 499 ಡಾಲರ್, ಅಂದಿನ 73 ರೂಪಾಯಿ ದರಕ್ಕೆ ಸುಮಾರು 36,400. ಇಲ್ಲಿ ಮಾರಿದ್ದು 49,990ಕ್ಕೆ, ಅಂದರೆ 1.37 ಪಟ್ಟು. 2024ರ ಏಪ್ರಿಲಿನಲ್ಲಿ ಅದರ ಸಣ್ಣ ಗಾತ್ರದ ಮಾಡೆಲ್ ಸ್ಲಿಮ್ ಬಂದಾಗ ಡಾಲರ್ 83 ರೂಪಾಯಿ, ಬೆಲೆ 54,990. ಆಗ 1.33 ಪಟ್ಟು. ಈ ವ್ಯತ್ಯಾಸದ ಬಹುಪಾಲು ತೆರಿಗೆ. ಆಮದು ಮೌಲ್ಯ 100 ಇದ್ದರೆ ಮೂಲ ಸುಂಕ 20, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ 2, ಒಟ್ಟು 122ರ ಮೇಲೆ ಶೇ 18 ಜಿಎಸ್‌ಟಿ. ಕೈಗೆ ಬರುವಾಗ 144. ಸುಂಕ ಬೀಳುವುದು ಆಮದು ಮೌಲ್ಯದ ಮೇಲೆ, ಅಂಗಡಿ ಬೆಲೆಯ ಮೇಲಲ್ಲ. ಅದಕ್ಕೇ ಕೊನೆಗೆ 1.44ರ ಬದಲು 1.35ರ ಆಸುಪಾಸು ನಿಲ್ಲುತ್ತದೆ.

ಡಾಲರಿಗೆ 90 ರೂಪಾಯಿ ಹಿಡಿಯಿರಿ. 90 × 1.35 ಅಂದರೆ ಅಮೆರಿಕದ ಒಂದೊಂದು ಡಾಲರೂ ಕಲಬುರಗಿ ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಸುಮಾರು 121 ರೂಪಾಯಿ. 599 ಡಾಲರ್ ಆದರೆ 73 ಸಾವಿರದ ಹತ್ತಿರ, 699 ಆದರೆ 85 ಸಾವಿರ. ಲಕ್ಷ ದಾಟಬೇಕಾದರೆ ಅಲ್ಲಿ 820 ಡಾಲರ್ ಮೀರಬೇಕು. ಒಂದು ಎಚ್ಚರಿಕೆ: ಅಗ್ಗದ ಮಾಡೆಲಿಗೆ ಈ ಪಟ್ಟು ನಂಬಬೇಡಿ. 299 ಡಾಲರಿನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರಲ್ಲಿ ಇಲ್ಲಿ 34,990ಕ್ಕೆ ಬಂತು, ಹತ್ತಿರ ಹತ್ತಿರ 1.6 ಪಟ್ಟು.

ಇನ್ನು ಡಾಲರ್ ಬೆಲೆ ಎಲ್ಲಿ ನಿಲ್ಲುತ್ತದೆ ಎಂಬುದು. ಪಿಎಸ್5ರ ಮುಖ್ಯ ಚಿಪ್ ಸುಮಾರು 308 ಚದರ ಮಿ.ಮೀ. 300 ಮಿ.ಮೀ. ವ್ಯಾಸದ ಸಿಲಿಕಾನ್ ವೇಫರಿನಲ್ಲಿ (ಚಿಪ್ ಕತ್ತರಿಸುವ ತೆಳು ತಟ್ಟೆಯಲ್ಲಿ) ಅಂಚಿನ ವ್ಯರ್ಥ ಕಳೆದು ಅಂಥ 190 ಚಿಪ್ ಕೂಡುತ್ತವೆ. ಸಣ್ಣ ದೋಷಕ್ಕೆ ಇಡೀ ಚಿಪ್ ಎಸೆಯುವಂತಾಗಬಾರದೆಂದು 40 ಗ್ರಾಫಿಕ್ಸ್ ಘಟಕ ಮಾಡಿ 36 ಮಾತ್ರ ಬಳಸುತ್ತಾರೆ. 2022ರಲ್ಲಿ ತಯಾರಿಕೆ 7 ನ್ಯಾನೊಮೀಟರ್ ತಂತ್ರದಿಂದ ಇನ್ನೂ ಸೂಕ್ಷ್ಮವಾದ 6ಕ್ಕೆ ಬಂದಾಗ ಅದೇ ಚಿಪ್ 260 ಚದರ ಮಿ.ಮೀ.ಗೆ ಇಳಿಯಿತು, ವೇಫರಿಗೆ 230ರಷ್ಟು ಸಿಗತೊಡಗಿದವು. ಹಿಂದೆ ಕನ್ಸೋಲುಗಳು ವರ್ಷ ಕಳೆದಂತೆ ಅಗ್ಗವಾಗುತ್ತಿದ್ದುದಕ್ಕೆ ದೊಡ್ಡ ಕಾರಣ ಇದೇ. ಇನ್ನು ಮುಂದೆ ಅದು ಸುಲಭವಲ್ಲ. 5 ನ್ಯಾನೊಮೀಟರಿನಿಂದ 3ಕ್ಕೆ ಹೋದರೂ ಚಿಪ್ಪಿನೊಳಗಿನ ಕ್ಯಾಶ್ (ತಕ್ಷಣ ಬೇಕಾದ ಮಾಹಿತಿ ಇಡುವ ಪುಟ್ಟ ಮೆಮೊರಿ) ಭಾಗ ಹೆಚ್ಚುಕಮ್ಮಿ ಅಷ್ಟೇ ಜಾಗ ಹಿಡಿಯುತ್ತದೆ, ವೇಫರಿನ ದರ ಮಾತ್ರ ಏರುತ್ತದೆ.

ಚಿಪ್ಪಿಗಿಂತ ನನಗೆ ಹೆಚ್ಚು ಚಿಂತೆ ಮೆಮೊರಿಯದ್ದು. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆ. ಮೆಮೊರಿ ತಯಾರಿಸುವ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ತನ್ನ ಕ್ರೂಶಿಯಲ್ ಗ್ರಾಹಕ ವ್ಯವಹಾರವನ್ನೇ ಬಿಡುವುದಾಗಿ ಘೋಷಿಸಿತು. ಪಿಎಸ್5ರಲ್ಲಿ 2 ಜಿಬಿಯ 8 ಚಿಪ್, ಒಟ್ಟು 16 ಜಿಬಿ. ಮುಂದಿನದರಲ್ಲಿ 32 ಜಿಬಿ ಹಾಕಿದರೆ, ಜಿಬಿಗೆ ಒಂದೇ ಡಾಲರ್ ಏರಿದರೂ ನಿಮ್ಮ ಬಿಲ್ಲಿಗೆ 3,900 ರೂಪಾಯಿ ಕೂಡುತ್ತದೆ. ಹೀಗಾಗಿ 'ಇಷ್ಟು ಜಿಬಿ ಬರುತ್ತದಂತೆ' ಎಂಬ ಸುದ್ದಿ ಕೇಳಿದಾಗ ಖುಷಿಪಡುವ ಮೊದಲು ಗುಣಿಸಿ ನೋಡಿ.

ಕಂಪನಿ ನಷ್ಟ ಹೊತ್ತು ಮಾರಬಹುದಲ್ಲ ಎಂದು ಕೇಳಬಹುದು. 2006ರಲ್ಲಿ 599 ಡಾಲರಿನ ಪಿಎಸ್3ಗೆ 840 ಡಾಲರಿನಷ್ಟು ತಯಾರಿಕಾ ವೆಚ್ಚವಿದೆ ಎಂದು ಐಸಪ್ಲೈ ಸಂಸ್ಥೆ ಅಂದಾಜು ಮಾಡಿತ್ತು. ಆ ಪೆಟ್ಟು ತಿಂದ ಮೇಲೆ ಸೋನಿ ಅಂಥ ಧೈರ್ಯ ಮಾಡಿಲ್ಲ. 499 ಡಾಲರಿನ ಪಿಎಸ್5ನ ನಷ್ಟ ಒಂದು ವರ್ಷದೊಳಗೇ, 2021ರ ಆಗಸ್ಟಿನ ಹೊತ್ತಿಗೆ, ನಿಂತಿತ್ತು.

ನನ್ನ ಅಂದಾಜು 599ರಿಂದ 699 ಡಾಲರ್. ನೀವು 85 ಸಾವಿರದ ಗುರಿ ಇಟ್ಟು ರೊಕ್ಕ ಕೂಡಿಸಿ. ಈಗಿನ ಪಿಎಸ್5 ಇನ್ನೂ ಅಗ್ಗವಾಗಲಿ ಎಂದು ಕಾಯುವುದು ಬೇಡ. 2022ರ ನವೆಂಬರಿನಲ್ಲಿ ಅದರ ಬೆಲೆ ಇಲ್ಲಿ 5,000 ಏರಿತೇ ಹೊರತು ಇಳಿಯಲಿಲ್ಲ. ಆಡಲು ಮನಸ್ಸಿದ್ದರೆ ಡಿಸ್ಕ್ ಇರುವ ಮಾಡೆಲ್ಲೇ ತಗೊಳ್ಳಿ. ಆಡಿ ಮುಗಿಸಿದ ಡಿಸ್ಕನ್ನು ಮಾರಿದರೆ ಸ್ವಲ್ಪವಾದರೂ ದುಡ್ಡು ಬರುತ್ತದೆ, ಡೌನ್‌ಲೋಡ್ ಮಾಡಿದ ಆಟ ಮಾರಲಾಗದು.

ಪ್ರಶ್ನೆ: ಹೈದರಾಬಾದಿನಲ್ಲಿ ಜಪಾನ್ ಸೆಟ್ ಭಾಳ ಕಡಿಮೆಗೆ ಕೊಡ್ತೀನಿ ಅಂತಾರ. ತರಬಹುದಾ?
– ಬೀದರ್ ಓದುಗರು

ಉತ್ತರ: ಬೇಡ. 2025ರ ನವೆಂಬರಿನಲ್ಲಿ ಸೋನಿ ಜಪಾನಿಗಷ್ಟೇ 55,000 ಯೆನ್ನಿನ ಡಿಜಿಟಲ್ (ಡಿಸ್ಕ್ ಡ್ರೈವ್ ಇಲ್ಲದ) ಮಾಡೆಲ್ ಬಿಟ್ಟಿತು. ಅದರಲ್ಲಿ ಇರುವುದು ಜಪಾನಿ ಭಾಷೆ ಮಾತ್ರ, ಜಪಾನಿನ ಖಾತೆಯೇ ಬೇಕು. ಡಬ್ಬಿಯ ಮೇಲಿನ ಮಾಡೆಲ್ ಸಂಖ್ಯೆ ನೋಡಿ: ಸಿಎಫ್‌ಐ ನಂತರದ ನಾಲ್ಕು ಅಂಕಿಗಳ ಕೊನೆಗೆ ಭಾರತದ ಸೆಟ್ಟಿನಲ್ಲಿ 08 ಇರುತ್ತದೆ, ಜಪಾನಿನದ್ದರಲ್ಲಿ 00. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೊಡದಿದ್ದರೆ ವಾಪಸ್ ಬನ್ನಿ.

ಪ್ರಶ್ನೆ: ಕನ್ಸೋಲಿನ ಬೆಲೆ ಬಿಟ್ಟು ಬೇರೆ ಏನೇನು ಖರ್ಚು ಬರ್ತದ? ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡ್ತದ.
– ಯಾದಗಿರಿ

ಉತ್ತರ: ಯುಪಿಎಸ್ ಬೇಕೇ ಬೇಕು. ಆಟ ನಡೆದಾಗ ಪಿಎಸ್5 ಸುಮಾರು 200 ವಾಟ್ ಎಳೆಯುತ್ತದೆ, ಟಿವಿ ಮತ್ತೊಂದು ನೂರು. 600 ವಿಎ ಯುಪಿಎಸ್ಸಿನ ಶಕ್ತಿ ಸಾಮಾನ್ಯವಾಗಿ 360 ವಾಟ್ ಮಾತ್ರ. ಅದು ತುದಿಗೇ ಬರುತ್ತದೆ. 1000 ವಿಎ, ಸಾಧ್ಯವಾದರೆ ಮನೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ತಗೊಳ್ಳಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಚ್ಚಿದರೆ ಕೆಲವೊಮ್ಮೆ ಕನ್ಸೋಲ್ ತಟ್ಟನೆ ಆಫ್ ಆಗುತ್ತದೆ. ಆಟ ಸೇವ್ ಆಗುತ್ತಿರುವಾಗ ಹಾಗಾದರೆ ಫೈಲ್ ಕೆಡಬಹುದು.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಕನ್ಸೋಲ್ ಕೆಲಸ ಮಾಡಬೇಕಾದದ್ದು 5ರಿಂದ 35 ಡಿಗ್ರಿಯೊಳಗೆ. ಮೇ ತಿಂಗಳ ಮಧ್ಯಾಹ್ನ ನಿಮ್ಮ ಕೋಣೆ ಅದನ್ನು ದಾಟಿರುತ್ತದೆ. ಸಂಜೆ ಆಡಿ. ನೀರಿನ ಕೂಲರಿನ ಗಾಳಿ ನೇರ ಕನ್ಸೋಲಿಗೆ ಬಡಿಯದಂತೆ ಇಡಿ, ಏಕೆಂದರೆ ತೇವದ ಗಾಳಿಗೆ ಧೂಳು ಫ್ಯಾನಿನ ರೆಕ್ಕೆಗೆ ಅಂಟಿ ಗಟ್ಟಿಯಾಗುತ್ತದೆ. ಎರಡು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಬಿಳಿ ಕವಚ ಬಿಚ್ಚಿ, ಒಳಗಿನ ಧೂಳು ಹಿಡಿಯುವ ತೂತುಗಳ ಮೇಲೆ ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿ ಹಿಡಿಯಿರಿ. ಫ್ಯಾನ್ ಗಿರಗಿರನೆ ತಿರುಗದಂತೆ ಒಂದು ಬೆರಳು ಇಟ್ಟಿರಿ.